ಅಕ್ಷರ ಕೂಡುವಷ್ಟು ಹೊತ್ತು

ಬಸವನಗುಡಿಯಲ್ಲಿ ಸಂಜೆಯ ಹವ್ಯಾಸಗಳಿಗೆ ಬರವಿಲ್ಲ. ಸಂಗೀತ ಉಂಟು, ಗಮಕ ಉಂಟು, ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಿಂದ ಇರುವ ವರ್ಲ್ಡ್ ಕಲ್ಚರ್ ಸಂಸ್ಥೆಯ ಉಪನ್ಯಾಸಗಳುಂಟು. ನನ್ನದು ಮಾತ್ರ ಕನ್ನಡ ಪದ ಹುಡುಕುವ ಪುಟವೊಂದನ್ನು ತಿದ್ದುತ್ತ ಕೂರುವುದು. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೆ ಮಿಕ್ಕಿದ ಪದಗಳು. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು; ನನ್ನ ಪುಟ ನಿಂತಿರುವುದೂ ಅದರ ಮೇಲೆಯೇ. ಎಂಥ ಔದಾರ್ಯ!

ಬೆರಳಾಡಿಸುತ್ತಿದ್ದಂತೆ ಕೆಳಗೆ ಪದಗಳು ಸಾಲುಗಟ್ಟುವುದನ್ನು ನೋಡುವುದೇ ಸುಖ. ಹಿಂದೆ ಗುಂಡಿ ಒತ್ತಿದರೆ ಪುಟವೆಲ್ಲ ಬೆಳ್ಳಗಾಗಿ ಮತ್ತೆ ಮೊದಲಿಂದ ಮೂಡಬೇಕಿತ್ತು. ಪುಟ ನಿಂತಲ್ಲೇ ಇದ್ದು ಬೇಕಾದಷ್ಟನ್ನೇ ಸರ್ವರಿನಿಂದ ತರಿಸಿಕೊಳ್ಳುವ ವಿದ್ಯೆಗೆ 2005ರಲ್ಲಿ ಅಜಾಕ್ಸ್ ಎಂಬ ಹೆಸರು ಬಿತ್ತು.

ಆದರೆ ಅದನ್ನು ಕಟ್ಟಿದವರ ಕಣ್ಣಮುಂದೆ ಇದ್ದದ್ದು ರೋಮನ್ ಲಿಪಿ. ನಮ್ಮ ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನಲ್ಲಿ ಆರು ತುಣುಕು. ಸ, ಸ್, ಸ್ತ, ಸ್ತ್, ಸ್ತ್ರ, ಕೊನೆಗೆ ದೀರ್ಘ ಬಿದ್ದು ಸ್ತ್ರೀ. ಒತ್ತು ಒಂದೊಂದಾಗಿ ಕೂಡುವ ಆ ಚೆಲುವು ನನಗೆ ಇನ್ನೂ ಹಳತಾಗಿಲ್ಲ. ತುಣುಕು ತುಣುಕಿಗೂ ಪುಟ ಪದ ಹೊತ್ತು ತಂದರೆ ಸಮಯ, ಸ್ನಾನ, ಸ್ತಂಭ ಎಲ್ಲ ಮಿಂಚಿ ಮಾಯವಾಗಿ ಓದುವವರ ಕಣ್ಣು ದಣಿಯುತ್ತದೆ. ಅದಕ್ಕೇ ಬೆರಳು ಇನ್ನೂರು ಮಿಲಿಸೆಕೆಂಡ್ ಸುಮ್ಮನಾದ ಮೇಲಷ್ಟೇ ಹುಡುಕಲು ಹೊರಡುವಂತೆ ಮಾಡಿದ್ದೇನೆ. ಅರ್ಧಾಕ್ಷರದಲ್ಲಿ ನಿಂತಿದ್ದರೆ ಇನ್ನೂ ತುಸು ತಡೆದು. ಪೂರ್ತಿ ಸುಮ್ಮನಿರುವಂತೆಯೂ ಇಲ್ಲ; ಹಳಗನ್ನಡದ ಪೊನ್, ಕಣ್, ಅಲರ್ ಎಲ್ಲ ಮುಗಿಯುವುದೇ ಅರ್ಧಾಕ್ಷರದಲ್ಲಿ.

ಪಕ್ಕದ ಮನೆಯ ಮೇಷ್ಟ್ರು ನನ್ನ ಪುಟದ ಖಾಯಂ ಓದುಗರು. “ಪದ ಮುಟ್ಟೋಕೆ ಹೋದ್ರೆ ಜಾರತ್ತಲ್ಲಪ್ಪಾ” ಎಂದರು. ಫಾಂಟು ತಡವಾಗಿ ಬರುತ್ತಿತ್ತು. ಮೊದಲು ಫೋನಿನದೇ ಅಕ್ಷರ, ಆಮೇಲೆ ನಾನು ಆರಿಸಿದ್ದು. ಒತ್ತಕ್ಷರಗಳಿಗೆ ಅದು ಕೆಳಗೆ ಹೆಚ್ಚು ಜಾಗ ಬೇಡಿ ಸಾಲನ್ನೇ ತಳ್ಳುತ್ತಿತ್ತು. ಈಗ ಸಾಲಿನ ಎತ್ತರವನ್ನು ಮೊದಲೇ ಕಾದಿರಿಸಿದ್ದೇನೆ. ಪುಟ ಹೀಗೆ ಜಾರುವುದಕ್ಕೂ ಗೂಗಲ್ 2020ರಲ್ಲಿ ಒಂದು ಅಳತೆ ಕೊಟ್ಟಿತು, 0.1ರೊಳಗಿದ್ದರೆ ಒಳ್ಳೆಯದು ಎಂದು. ನನಗೆ ಮೇಷ್ಟ್ರ ಹೆಬ್ಬೆರಳೇ ಅಳತೆ.

ಈಗವರು ಇನ್ನೊಂದು ಕೆಲಸ ಹೇಳಿದ್ದಾರೆ. ಮೊಮ್ಮಗಳು ಮಹಾಪ್ರಾಣ ಬಿಟ್ಟು ಟೈಪಿಸಿದರೂ ಅವಳಿಗೆ ಸರಿಯಾದ ಪದ ಸಿಗಬೇಕಂತೆ. ಕೂತು ಜೋಡಿಸುತ್ತಿದ್ದೇನೆ; ದನ ಕೇಳಿದವರಿಗೆ ಧನವೂ ಕಾಣಬೇಕು, ಆದರೆ ದನದ ಕೆಳಗೆ.