ಡಿಸ್ಚಾರ್ಜ್ ಅಂದ್ರ ಅವತ್ತ ಗಾಡಿ ಹತ್ತೂದಲ್ಲ

ಕಡಲಿ ಕೀಡಿ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕ ಇರಲಿ. ನಮ್ಮ ಸುತ್ತಲಿನ ಹಳ್ಳಿಗಳಾಗ ಮಿಲ್ಟ್ರಿ ಭರ್ತಿಗೆ ಅಂತ ಮುಂಜಾನೆ ಎದ್ದು ರಸ್ತಾದ ಮ್ಯಾಲ ಓಡೋ ಹುಡುಗ್ರು ಎಷ್ಟು ಮಂದಿ ಅದಾರ ನೀವ ನೋಡೀರಿ. ಭರ್ತಿ ಹೆಂಗ ಆಗ್ತೈತಿ ಅನ್ನೋದು ಎಲ್ಲಾರಿಗೂ ಬಾಯಿಪಾಠ. ಆದ್ರ ಟ್ರೇನಿಂಗಿನಾಗ ಹೆಸರು ಕಡದ್ರ ಹುಡುಗ ಮನಿಗೆ ಬರಾಕ ಎಷ್ಟು ದಿನ ಹಿಡೀತೈತಿ? ಇದನ್ನ ಯಾರೂ ಹೇಳೂದಿಲ್ಲ.

ನಮ್ಮ ಅಣ್ಣನ ಮಗ ಅಗ್ನಿವೀರ ಆಗಿ ಹೋಗಿದ್ದ. ಹನ್ನೆರಡನೇ ವಾರದಾಗ ಮೊಣಕಾಲ ಕೆಳಗಿನ ಎಲುಬಿಗೆ ಕೂದಲೆಳೆಯಂಥ ಬಿರುಕು ಬಿತ್ತು. ಬಿದ್ದಿಲ್ಲ, ಎದ್ದಿಲ್ಲ, ದಿನಾ ಬೂಟು ಹಾಕ್ಕೊಂಡು ಓಡಿ ಓಡಿ ಆದದ್ದು. ಹೊಸಾ ಹುಡುಗ್ರಿಗೆ ಇದು ಭಾಳ ಆಗ್ತೈತಂತ. ಆಸ್ಪತ್ರೆ, ವಿಶ್ರಾಂತಿ, ಆಮ್ಯಾಲ ಹಿಂದ ಬಂದ ಬ್ಯಾಚಿಗೆ ಹಾಕಿ ಮತ್ತ ನೋಡಿದ್ರು. ಓಡಿದ್ರ ಮತ್ತ ಅದ ನೋವು. ಕೊನಿಗೆ ಒಂದಿನ ಫೋನ್ ಬಂತು: "ಕಾಕಾ, ನನ್ನ ಮನಿಗೆ ಕಳಸ್ತಾರಂತ."

ನಮ್ಮ ವೈನಿ ಅವತ್ತ ಅವನ ಖೋಲಿ ಕಸಾ ಹೊಡದ್ರು. ಹುಡುಗ ಮನಿ ಹೊಸ್ತಿಲಾ ದಾಟಿದ್ದು 47 ದಿನಾ ಆದ ಮ್ಯಾಲ.

ಈ 47 ದಿನದಾಗ ಏನಾತು ಅಂದ್ರ, ಹುಡುಗ ಒಂದ ಕಡೆ ಕುಂತಿದ್ದ, ಅವನ ಕಾಗದ ಊರೂರು ತಿರುಗ್ತಿತ್ತು. ಮೊದಲು ಮೆಡಿಕಲ್ ಬೋರ್ಡ್ ಕೂಡಬೇಕು. ಡಾಕ್ಟರ್ ಬರದಿದ್ದನ್ನ ಮ್ಯಾಲಿನವ್ರು ಒಪ್ಪಬೇಕು. ಆಮ್ಯಾಲ ಡಿಸ್ಚಾರ್ಜ್ ಆರ್ಡರ್. ಅದಾದ ಮ್ಯಾಲ ಕ್ಲಿಯರೆನ್ಸ್: ಕಂಬಳಿ, ಬೂಟು, ತಟ್ಟಿ-ಮಗ್ಗಾ ವಾಪಸ್ ಕೊಟ್ಟು ಸ್ಟೋರಿನವ್ರ ಸಹಿ, ಕೋತಿನವ್ರ ಸಹಿ, ಮೆಸ್ಸಿನವ್ರ ಸಹಿ, ಪಗಾರದ ಲೆಕ್ಕ. ಒಬ್ಬ ಸಾಹೇಬ್ರು ರಜಾ ಹೋಗಿದ್ದಕ್ಕ ಎಂಟು ದಿನ ಹೋತು. ಅಲ್ಲಿತನಕಾ ಇವನಿಗೆ ಕೆಲಸ ಬಟಾಟಿ ಸುಲಿಯೂದು, ಅಂಗಳಾ ಬಳಿಯೂದು. ಅತ್ಲಾಗ ಸಿಪಾಯಿನೂ ಅಲ್ಲ, ಇತ್ಲಾಗ ಊರಿನವನೂ ಅಲ್ಲ. "ಕೆಲಸ ಏನೂ ಅನ್ಸಲಿಲ್ಲ ಕಾಕಾ, ಮುಂಜಾನೆ ನಮ್ಮ ಹುಡುಗ್ರು ಪರೇಡಿಗೆ ಹೋಗೋ ಸಪ್ಪಳ ಕೇಳಾಕ ಆಗ್ತಿರಲಿಲ್ಲ" ಅಂದ.

ಸುಮಾರು ಮೂವತ್ತನೇ ದಿನಕ್ಕ ಅವನ ತಾಳ್ಮಿ ಮುಗೀತು. ಹಂಗ ಗಾಡಿ ಹತ್ತಿ ಬಂದ್ಬಿಡ್ತೀನಿ ಅಂದ. ನಮ್ಮಣ್ಣನೂ ಬಾ ಅಂತ ಹೇಳಾಂವ ಇದ್ದ. ಊರಾಗಿನ ರಿಟೈರ್ಡ್ ಹವಾಲ್ದಾರ್ರು ಆ ಫೋನ್ ಕಸಗೊಂಡು ಬೈದ್ರು. ಅವ್ರು ಹೇಳಿದ್ದು ಬರೋಬರಿ ಐತಿ. 1950ರ ಆರ್ಮಿ ಆ್ಯಕ್ಟ್ ಪ್ರಕಾರ ಸೇವೆಯಿಂದ ವಿಧಿಬದ್ಧವಾಗಿ ಬಿಡುಗಡೆ ಆಗೋತನಕ ಹುಡುಗ ಆ ಕಾನೂನಿನ ಕೈಯಾಗ ಇರ್ತಾನ. "ನಿನ್ನ ಕಳಸ್ತೀವಿ" ಅಂತ ಬಾಯಿಲೆ ಹೇಳಿದ್ರ ಬಿಡುಗಡೆ ಆದಂಗ ಅಲ್ಲ. ರಜಾ ಇಲ್ಲದ ಹೊರಗ ಬಿದ್ರ 39ನೇ ಕಲಮು, ಕೋರ್ಟ್ ಮಾರ್ಷಲ್ ಆದ್ರ ಮೂರು ವರ್ಷದತನಕ ಜೈಲು ಹಾಕಬಹುದು. 30 ದಿನ ಗೈರಾದ್ರ ವಿಚಾರಣಾ ಕೋರ್ಟ್ ಕೂಡ್ತೈತಿ. ಓಡಿ ಬಂದಾಂವ ಅಂತ ಬರಕೊಂಡ್ರ ಪೊಲೀಸರು ಮನಿ ಬಾಗಿಲಕ್ಕ. ಕಾಲು ಮುರದು ಬಂದ ಹುಡುಗ ಅನ್ನೋ ಹೆಸರು ಹೋಗಿ ಓಡಿ ಬಂದ ಹುಡುಗ ಅನ್ನೋ ಹೆಸರು ಬರ್ತಿತ್ತು, ಅದೂ ನಾಕ ದಿನದ ಅವಸರಕ್ಕ.

ಇನ್ನೊಂದು ಮಾತು. ಬೋರ್ಡ್ ಕೂಡಾಕ ತಗೊಂಡ ಟೈಮು ಹುಡುಗಗ ಬೇಕಾದದ್ದ. ಗಾಯ ಸೇವೆಯಿಂದ ಆತೋ ಇಲ್ಲೋ, ಶೇಕಡಾ ಎಷ್ಟು ಅಂತ ಬರಿಯೂದು ಅಲ್ಲೆ. ಅಗ್ನಿಪಥದಾಗ ಸೇವೆಯ ಕಾರಣದಿಂದಾದ ಅಂಗವೈಕಲ್ಯ ಶೇಕಡಾ 50 ಇದ್ರ 15 ಲಕ್ಷ, 75ಕ್ಕ 25 ಲಕ್ಷ, 100ಕ್ಕ 44 ಲಕ್ಷ ಇಟ್ಟಾರ. ನಮ್ಮ ಹುಡುಗಂದು ಆ ಮಟ್ಟಕ್ಕ ಇಲ್ಲ, ಪುಣ್ಯಾ. ರೊಕ್ಕಾನೂ ಇಲ್ಲ. ಆದ್ರ ಟ್ರೇನಿಂಗಿನಾಗ ಆದ ಗಾಯ ಅಂತ ಕಾಗದದ ಮ್ಯಾಲ ಬಂದೈತಿ. ನಾಳೆ ಕಾಲು ಕೆಟ್ರ ಕೇಳಾಕ ಅದೊಂದ ಆಧಾರ. ಮನಿಗೆ ಹೋಗೋ ಆಸೆಗೆ ಅವನು ಏನು ಕೊಟ್ರೂ ಸಹಿ ಮಾಡಾಕ ತಯಾರಿದ್ದ. "ಓದಿ ಮಾಡು, ಕಾರಣ ಅನ್ನೋ ಜಾಗಾ ಮೊದಲು ನೋಡು" ಅಂತ ಹವಾಲ್ದಾರ್ರು ದಿನಾ ಹೇಳ್ತಿದ್ರು.

ಹಂಗಾಗಿ ಡಾಕ್ಟರ್ ತಗೊಂಡ ದಿನಕ್ಕ ನನ್ನ ತಕರಾರಿಲ್ಲ. ಆರ್ಡರ್ ಬಂದ ಮ್ಯಾಲೂ ಕಂಬಳಿ ಲೆಕ್ಕಕ್ಕ, ಸಹಿಗೆ ಅಂತ ಹದಿನೈದು ದಿನ ಕುಂದ್ರಿಸಿದ್ರಲ್ಲ, ಅದು ಮಾತ್ರ ತಪ್ಪು. ಕಬ್ಬು ಕಡದು ಟ್ರ್ಯಾಲಿ ತುಂಬಿ ಫ್ಯಾಕ್ಟರಿ ಅಂಗಳದಾಗ ಪಾಳಿ ಹಚ್ಚಿ ನಿಂತಾವ್ರಿಗೆ ನಾ ಹೇಳಬೇಕಾಗಿಲ್ಲ. ಒಣಗಿದ ತೂಕ ಯಾರ ಲೆಕ್ಕಕ್ಕ ಹೋಗ್ತೈತಿ ಗೊತ್ತೈತಲ್ಲ.

ಮನ್ಯಾಗಿನವ್ರಿಗೆ ಒಂದ ಹೇಳ್ತೀನಿ. ಫೋನ್ ಹಚ್ಚಿದಾಗೆಲ್ಲಾ "ಯಾವಾಗ ಬರ್ತಿ" ಅಂತ ಕೇಳಬ್ಯಾಡ್ರಿ. ಅವನ ಕೈಯಾಗ ಇಲ್ಲದ್ದು ಅದು. ಬೋರ್ಡ್ ಆತೇನು, ಆರ್ಡರ್ ತಾರೀಖು ಏನು, ಯಾವ ಸಹಿ ಬಾಕಿ ಐತಿ ಅಂತ ಕೇಳ್ರಿ. ವೈನಿ ಹಂಗ ಕೇಳಾಕ ಸುರು ಮಾಡಿದ ಮ್ಯಾಲ ಅವನೂ ಒಂದು ವಹಿಯಾಗ ಬರಕೊಂಡು ಬೆನ್ನ ಹತ್ತಿದ.

ಹೊರಗ ಬರುವಾಗ ಸರ್ಟಿಫಿಕೇಟ್ ಇಸಗೊಳ್ಳೂದು ಮರೀಬ್ಯಾಡ್ರಿ. ಯಾರ ಅಧಿಕಾರದಿಂದ ಬಿಟ್ರು, ಯಾಕ ಬಿಟ್ರು, ಒಟ್ಟು ಸೇವೆ ಎಷ್ಟು, ಈ ಮೂರೂ ಅದರಾಗ ಇರಬೇಕು. 23ನೇ ಕಲಮಿನ ಪ್ರಕಾರ ಅದನ್ನ ಇಂಗ್ಲಿಷಿನಾಗೂ ಹುಡುಗನ ತಾಯಿಭಾಷೆಯಾಗೂ ಕೊಡಬೇಕು. ನಮ್ಮಾಂವಗ ಇಂಗ್ಲಿಷಿಂದು ಮಾತ್ರ ಸಿಕ್ಕೈತಿ. ಕನ್ನಡದ್ದು ಕೊಡ್ರಿ ಅಂತ ಪೋಸ್ಟಿನಾಗ ಪತ್ರ ಹಾಕಿ ಮೂರು ವಾರ ಆತು. ಸದ್ಯ ಅವನು ನೀರು ಹಾಯ್ಸಾಕ ನನ್ನ ಸಂಗಡ ಬರ್ತಾನ, ಚೀಲಾ ಎತ್ತಾಕ ಬಿಟ್ಟಿಲ್ಲ.