ಮೇಲಿನ ಮನೆಯ ಹಿರಿಯರು

ಸೋದರಿಯರೇ, ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿ ಬಂದವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಬಂದ ಮೇಲೆ ನಾವು ಹೇಳುವುದೇನು? ಮಗು ಯಾರ ಹಾಗಿದೆ, ಅಳಿಯ ಹೇಗೆ ನೋಡಿಕೊಂಡರು, ಅಲ್ಲಿ ಒಂದು ತೆಂಗಿನಕಾಯಿಗೆ ಎಷ್ಟು ಕೊಡಬೇಕು, ಇಷ್ಟೇ ತಾನೆ? ನಾನೂ ಅದನ್ನೆಲ್ಲ ಹೇಳಿ ಮುಗಿಸಿದೆ. ಹೇಳದೆ ಉಳಿಸಿಕೊಂಡ ಮಾತು ಒಂದಿತ್ತು. ಅದು ನಾನು ಹಾಕಿದ ಒಂದು ರುಜುವಿನ ಮಾತು. ನಮ್ಮ ಮನೆಯವರಿಗೂ ಬಹಳ ದಿನ ಹೇಳಿರಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ನಮ್ಮೂರು ಸಂತೆಮರಹಳ್ಳಿ. ಮಗಳಿಗೆ ಎರಡನೇ ಹೆರಿಗೆ. ದೊಡ್ಡ ಮಗುವಿಗೆ ಸ್ಕೂಲು ಇದ್ದುದರಿಂದ ಅವಳು ಊರಿಗೆ ಬರುವ ಹಾಗಿರಲಿಲ್ಲ. ನಾನೇ ಹುರಿಹಿಟ್ಟು, ಬಾಣಂತಿ ಖಾರ, ಹಳೇ ಪಂಚೆಯ ತುಂಡು ಎಲ್ಲ ಕಟ್ಟಿಕೊಂಡು ಹೋದೆ. 2019ರ ಜನವರಿ ಕೊನೆ. ಮೂರು ಅಂತಸ್ತಿನ ಕಟ್ಟಡ, ಆರು ಬಾಡಿಗೆ ಮನೆ. ಮೇಲಿನ ಮನೆಯಲ್ಲಿ ಇಬ್ಬರು ಹುಡುಗರು. ಒಬ್ಬ ಉದ್ದಕ್ಕೆ, ಬೆಳ್ಳಗೆ, ಅಮೆರಿಕದವನು. ಇನ್ನೊಬ್ಬ ಆಂಧ್ರದ ಕಡೆಯವನು. ಇಬ್ಬರಿಗೂ ಇಪ್ಪತ್ತು ದಾಟಿರಲಿಲ್ಲ. ದಿನಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ. ಹೆಸರಿನ ಮುಂದೆ ‘ಎಲ್ಡರ್’ ಎಂದು ಇತ್ತು. ಹಾಗೆಂದರೇನು ಅಂತ ಮಗಳನ್ನು ಕೇಳಿದೆ. “ಹಿರಿಯರು ಅಂತಮ್ಮ” ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಮೀಸೆ ಸರಿಯಾಗಿ ಮೂಡದ ಹಿರಿಯರು!

ಮೊದಲು ಮಾತಾಡಿಸಿದ್ದು ಒಂದು ಸೋಮವಾರ, ಫೆಬ್ರವರಿ 11. ಮಗುವಿನ ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಆ ಉದ್ದನೆಯವನು ಬಕೆಟ್ಟಿನ ಮುಂದೆ ಕೂತು ಅಂಗಿಯ ಕಾಲರನ್ನು ಹೇಗೆ ಹೇಗೋ ಉಜ್ಜುತ್ತಿದ್ದ. ವಾರಕ್ಕೆ ಒಂದೇ ದಿನ ಅವರಿಗೆ ಬಿಡುವಂತೆ. ಬಟ್ಟೆ ಒಗೆಯುವುದು, ತರಕಾರಿ ತರುವುದು, ಮನೆಗೆ ಕಾಗದ ಬರೆಯುವುದು ಎಲ್ಲ ಅದೇ ದಿನ ಆಗಬೇಕು. ನೋಡಲಾರದೆ ಅಂಗಿ ಕಿತ್ತುಕೊಂಡು, “ಮೊದಲು ಸೋಪು ಹಚ್ಚಿ ಹತ್ತು ನಿಮಿಷ ಬಿಡಬೇಕು ಕಣಪ್ಪ, ಆಮೇಲೆ ಉಜ್ಜು” ಎಂದು ತೋರಿಸಿಕೊಟ್ಟೆ. ಭಾಷೆ ಬಾರದಿದ್ದರೂ ಕಾಲರು ಅರ್ಥವಾಯಿತು. “ಥ್ಯಾಂಕ್ಸ್ ಅಮ್ಮಾ” ಎಂದ. ಹಾಸ್ಟೆಲಿನಿಂದ ಮೂಟೆ ಕಟ್ಟಿ ಬಟ್ಟೆ ತರುವ ನನ್ನ ಮಗ ನೆನಪಾದ. ಅವನಿಗೂ ಅದೇ ವಯಸ್ಸು. ಬನಿಯನ್ ಹಿಂಡಲು ಬರುವುದಿಲ್ಲ. ತಪ್ಪು ಯಾರದ್ದು ಅಂತ ನಿಮಗೆ ಗೊತ್ತೇ ಇದೆ.

ಮಂಗಳವಾರ ಬೆಳಿಗ್ಗೆ ಒಳ್ಳೆ ಮನಸ್ಸಿನಿಂದ ಎರಡು ಲೋಟ ಫಿಲ್ಟರ್ ಕಾಫಿ ಬೆರೆಸಿ ಮೆಟ್ಟಿಲ ಬಳಿ ಹಿಡಿದು ನಿಂತೆ. ಇಬ್ಬರೂ ಕೈಮುಗಿದು “ಬೇಡಮ್ಮ” ಅಂದುಬಿಟ್ಟರು! ಹೋಗಲಿ ಅಂತ ಎತ್ತಿಕೊಂಡಿದ್ದ ಕೂಸನ್ನು ತೋರಿಸಿದೆ. ನಕ್ಕರು, ಆದರೆ ಕೈ ಚಾಚಿದರೆ ಅಮೆರಿಕದವನು ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕೈ ಕಾಫಿ ಆಗದು, ನಮ್ಮ ಮಗು ಮುಟ್ಟಿದರೆ ಮೈಲಿಗೆ, ಇವರೇನು ಮೇಲಿನಿಂದ ಇಳಿದು ಬಂದವರೇ?

ಅದೇ ದಿನ ಸಂಜೆ ಎದುರು ಮನೆಯಾಕೆ ಒಂದು ಹಾಳೆ ತಂದರು. ಮನೆ ಮಾಲೀಕರಿಗೆ ಕೊಡಬೇಕಾದ ಅರ್ಜಿ. ಮೇಲಿನ ಹುಡುಗರು ಧರ್ಮಪ್ರಚಾರದವರು, ಗಂಡಸರಿಲ್ಲದ ಹೊತ್ತಿನಲ್ಲಿ ಮನೆಗಳಿಗೆ ನುಗ್ಗಿ ಹೆಂಗಸರ ತಲೆ ಕೆಡಿಸುತ್ತಾರೆ, ಅವರನ್ನು ಖಾಲಿ ಮಾಡಿಸಬೇಕು ಎಂದು ಬರೆದಿತ್ತು. “ನಿಮ್ಮ ಮಗಳು ಬಾಣಂತಿ, ಅವಳನ್ನು ಎಬ್ಬಿಸಬೇಡಿ. ಮನೆ ಪರವಾಗಿ ನೀವೇ ಒಂದು ರುಜು ಹಾಕಿಬಿಡಿ” ಎಂದರು. ಹಾಕಿದೆ. ಮಗಳನ್ನು ಕೇಳಲಿಲ್ಲ, ಅಳಿಯಂದಿರನ್ನೂ ಕೇಳಲಿಲ್ಲ. ಕಾಫಿಯ ಉರಿ ಇನ್ನೂ ಆರಿರಲಿಲ್ಲ.

ಬುಧವಾರ ಆಂಧ್ರದ ಹುಡುಗ ತಾನಾಗಿಯೇ ಬಾಗಿಲ ಹೊರಗೆ ನಿಂತು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿದ: “ಅಮ್ಮ, ಕೋಪ ಮಾಡ್ಕೋಬೇಡಿ. ನಾವು ಕಾಫಿ, ಟೀ ಕುಡಿಯಲ್ಲ. ಯಾರ ಮನೇಲೂ ಕುಡಿಯಲ್ಲ.” ಬೀಡಿ, ಸಿಗರೇಟು, ಮದ್ಯವೂ ಇಲ್ಲವಂತೆ. 1833ರಿಂದ ಅವರಲ್ಲಿ ಆ ಕಟ್ಟುಪಾಡು. ಮಗುವನ್ನು ಎತ್ತಿಕೊಳ್ಳಬಾರದೆಂಬುದೂ ನಿಯಮವೇ. ಪರರ ಮಕ್ಕಳ ವಿಷಯದಲ್ಲಿ ಯಾರೂ ತಪ್ಪು ತಿಳಿಯುವ ಹಾಗೆ ನಡೆದುಕೊಳ್ಳಬಾರದೆಂದು ಅವರ ಪುಸ್ತಕದಲ್ಲಿ ಬರೆದಿದೆಯಂತೆ. ಟಿ.ವಿ., ಸಿನಿಮಾ ಇಲ್ಲ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ಮಲಗಬೇಕು. ಎಲ್ಲಿಗೆ ಹೋದರೂ ಜೋಡಿಯಾಗಿಯೇ ಹೋಗಬೇಕು.

ಆಗ ನನಗೆ ಬೇರೆ ದಾರಿ ಹೊಳೆಯಿತು. ರಾಗಿ ಅರಳು ಹುರಿದು ಬೀಸಿದ ಹುರಿಹಿಟ್ಟು ಮನೆಯಲ್ಲಿ ಇದ್ದೇ ಇತ್ತಲ್ಲ! ಎರಡು ಚಮಚ ಹಿಟ್ಟನ್ನು ಮೊದಲು ತಣ್ಣನೆ ಹಾಲಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಮೇಲೆ ಬಿಸಿ ಹಾಲು, ಬೆಲ್ಲ, ಒಂದು ಚಿಟಿಕೆ ಏಲಕ್ಕಿ ಪುಡಿ ಹಾಕಿ ಕೊಟ್ಟೆ. ಅಮೆರಿಕದವನು ಲೋಟದ ತಳ ಬೆರಳಿನಿಂದ ಬಳಿದು ತಿಂದ. ಮೈಲಿಗೆಯವನು ಹೀಗೆ ತಿನ್ನುತ್ತಾನೆಯೇ? ರುಜುವಿನ ನೆನಪಾಗಿ ಹೊಟ್ಟೆಯಲ್ಲಿ ಏನೋ ಚುಚ್ಚಿದ ಹಾಗಾಯಿತು. ಆದರೂ ಸುಮ್ಮನಿದ್ದೆ.

ಗುರುವಾರ ಗ್ಯಾಸ್ ಮುಗಿಯಿತು. ಅಳಿಯಂದಿರು ಆಫೀಸಿನಲ್ಲಿ. ಸಿಲಿಂಡರ್ ತಂದವನು ಕೆಳಗೇ ಇಟ್ಟು ಹೋಗಿದ್ದ. ಹುಡುಗರು ಹೊತ್ತು ತಂದು ಬಾಗಿಲಲ್ಲಿ ಇಳಿಸಿದರು. “ಒಳಗೆ ತಂದಿಡಿ” ಎಂದರೆ ಮಿಸುಕಲಿಲ್ಲ. “ಮನೇಲಿ ಗಂಡಸರು ಇದಾರಾ ಅಮ್ಮ?” “ಇಲ್ಲ.” “ಹಾಗಾದ್ರೆ ನಾವು ಒಳಗೆ ಬರೋ ಹಾಗಿಲ್ಲ.” ಅದೂ ಅವರ ನಿಯಮ! ಅರ್ಜಿಯಲ್ಲಿ ಬರೆದಿದ್ದೇನು, ಕಣ್ಣ ಮುಂದೆ ನಡೆದಿದ್ದೇನು, ನೀವೇ ಹೇಳಿ. ಸಿಲಿಂಡರನ್ನು ನಾನೇ ಉರುಳಿಸಿಕೊಂಡು ಒಳಗೆ ಹೋದೆ.

ಅವರ ಮತದ ವಿಷಯ ಅಳಿಯಂದಿರು ರಾತ್ರಿ ತಿಳಿಸಿದರು. ಜನ ಮಾರ್ಮನ್ನರು ಅನ್ನುತ್ತಾರೆ. ಆ ಅಡ್ಡಹೆಸರು ಬೇಡ, ಯೇಸು ಕ್ರಿಸ್ತನ ಹೆಸರಿರುವ ನಮ್ಮ ಪೂರ್ತಿ ಹೆಸರು ಹೇಳಿ ಎಂದು ಅವರ ಗುರುಗಳು 2018ರಲ್ಲಿ ಕೇಳಿಕೊಂಡರಂತೆ. 1830ರಲ್ಲಿ ನ್ಯೂಯಾರ್ಕ್ ಸೀಮೆಯಲ್ಲಿ ಜೋಸೆಫ್ ಸ್ಮಿತ್ ಎಂಬುವರು ಕಟ್ಟಿದ ಪಂಥ. ಈಗ ಮುಖ್ಯ ಸ್ಥಳ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ. ಬೆಂಗಳೂರಿನಲ್ಲಿ 1993ರಿಂದ ಅವರ ಮಿಷನ್ ಇದೆ. ಇಲ್ಲಿ ಒಂದು ದೊಡ್ಡ ಮಂದಿರ ಕಟ್ಟುವುದಾಗಿ 2018ರ ಏಪ್ರಿಲಿನಲ್ಲಿ ಸಾರಿದ್ದರು. ಹದಿನೆಂಟು ತುಂಬಿದ ಹುಡುಗರು ಎರಡು ವರ್ಷ ಹೀಗೆ ಹೊರಡುತ್ತಾರೆ, ಹುಡುಗಿಯರಾದರೆ ಒಂದೂವರೆ ವರ್ಷ. ಯಾವ ದೇಶ ಎಂದು ಅವರು ಆರಿಸುವ ಹಾಗಿಲ್ಲ. ಮೇಲಿನವರಿಂದ ಕಾಗದ ಬಂದ ಕಡೆಗೆ ಹೋಗಬೇಕು. ಸಂಬಳ ಬೇರೆ ಇಲ್ಲ. ಅಮೆರಿಕದ ಹುಡುಗನ ಲೆಕ್ಕಕ್ಕೆ ಮನೆಯವರೇ ಆಗ ತಿಂಗಳಿಗೆ 400 ಡಾಲರ್ ಕಟ್ಟಬೇಕಿತ್ತು, 2020ರ ಜುಲೈಯಿಂದ ಅದು 500 ಆಯಿತು. ಈ ಹುಡುಗ ಹೋಟೆಲಿನಲ್ಲಿ ತಟ್ಟೆ ತೊಳೆದು ಅರ್ಧದಷ್ಟು ತಾನೇ ಕೂಡಿಟ್ಟಿದ್ದನಂತೆ.

ಕೇಳುತ್ತಾ ಕೇಳುತ್ತಾ ನನಗೆ ಚಿಕ್ಕಲ್ಲೂರು ಜಾತ್ರೆ ಕಣ್ಣಮುಂದೆ ಬಂತು. ನಮ್ಮ ಸೀಮೆಯವರಿಗೆ ಹೇಳಬೇಕಾದ್ದೇ ಇಲ್ಲ. ನೀಲಗಾರರು ತಂಬೂರಿ, ಡಕ್ಕೆ ಹಿಡಿದು ರಾತ್ರಿಯೆಲ್ಲ ಹಾಡುವ ಕತೆ ಅದು. ಮಂಟೇಸ್ವಾಮಿ ನಿಡುಘಟ್ಟದ ಸಿರಿವಂತ ಆಚಾರಿ ಮನೆಯ ಹುಡುಗ ಕೆಂಪಾಚಾರಿಯನ್ನು ಶಿಶುಮಗನಾಗಿ ಬೇಡುತ್ತಾರೆ. ಹೆತ್ತವರು ಕೊಡುವುದಿಲ್ಲ ಎನ್ನುತ್ತಾರೆ. ಕೊನೆಗೆ ಅದೇ ಹುಡುಗ ಸಿದ್ದಪ್ಪಾಜಿಯಾಗಿ, ಗುರುವಿನ ಮಾತಿಗೆ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ, ಗುರುತಿಲ್ಲದ ಊರಿನಲ್ಲಿ ಪಡಬಾರದ ಪಾಡು ಪಡುತ್ತಾನೆ. ಚಿಕ್ಕಂದಿನಿಂದ ಆ ಹಾಡು ಕೇಳಿ ಕಣ್ಣೀರು ಹಾಕಿದವಳು ನಾನು. ಹಲಗೂರಿನವರು ಎಂಥ ಕಟುಕರು ಅಂದುಕೊಳ್ಳುತ್ತಿದ್ದೆ. ಈಗ ನನ್ನ ರುಜು ಯಾರ ಕಡೆಗೆ ಬಿದ್ದಿತ್ತು?

ಅಂದೇ, ಫೆಬ್ರವರಿ 14ರಂದು, ಪುಲ್ವಾಮದಲ್ಲಿ ನಲವತ್ತು ಮಂದಿ ಯೋಧರು ತೀರಿಹೋದ ಸುದ್ದಿ ಬಂದಿತ್ತು. ಶುಕ್ರವಾರ ಯಾರ ಮನೆಯಲ್ಲೂ ಟಿ.ವಿ. ಆರಲಿಲ್ಲ. ಅವರಲ್ಲಿ ಒಬ್ಬರು ನಮ್ಮ ಮಂಡ್ಯ ಜಿಲ್ಲೆ ಗುಡಿಗೆರೆಯ ಗುರು ಎಂದು ತಿಳಿದಾಗ ಒಲೆಯ ಮುಂದೆ ನಿಂತು ಅತ್ತೆ. ಹುಡುಗರು ಬಾಗಿಲಲ್ಲಿ ನಿಂತು ವಿಷಯ ಕೇಳಿಕೊಂಡರು. ಅಮೆರಿಕದವನು ಏನೂ ಹೇಳದೆ ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಂತು ಮೇಲೆ ಹೋದ.

ಶನಿವಾರ ಬೆಳಿಗ್ಗೆ ಮೇಲಿನಿಂದ ಧಡಧಡ ಸದ್ದು. ಇಂಥ ದಿನ ಇವರಿಗೇನು ಕುಣಿತ ಎಂದು ಗದರಲು ಹೋದೆ. ಹುಡುಗನ ಕಣ್ಣಲ್ಲಿ ನೀರು. ವಿಷಯ ಇದು: ಅಲ್ಲಿಯವರೆಗೆ ಅವರು ಮನೆಗೆ ವಾರಕ್ಕೊಮ್ಮೆ ಇ-ಮೇಲ್ ಮಾತ್ರ ಬರೆಯಬಹುದಾಗಿತ್ತು. ತಾಯಿಯ ದನಿ ಕೇಳುವುದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಫೆಬ್ರವರಿ 15ರಂದು ಸಾಲ್ಟ್ ಲೇಕ್‌ನಿಂದ ಹೊಸ ಅಪ್ಪಣೆ ಹೊರಟಿತ್ತು. ಇನ್ನು ಮೇಲೆ ಪ್ರತಿ ವಾರ ಬಿಡುವಿನ ದಿನ ಮನೆಗೆ ಫೋನು ಮಾಡಬಹುದು, ಮುಖ ನೋಡಿಯೂ ಮಾತಾಡಬಹುದು! ಗದರಲು ಬಂದವಳ ಬಾಯಿ ಕಟ್ಟಿತು. ಅದೇ ದಿನ ಗುಡಿಗೆರೆಯಲ್ಲಿ ಒಬ್ಬ ತಾಯಿ ಮಗನ ಪೆಟ್ಟಿಗೆಯ ಮುಂದೆ ಕೂತಿದ್ದಳು.

ಭಾನುವಾರ ಅವರು ಪೂಜೆಗೆ ಹೋಗಿ ಬಂದ ಮೇಲೆ ನೇರವಾಗಿಯೇ ಕೇಳಿದೆ, “ನನಗೂ ನಿಮ್ಮ ಧರ್ಮ ಹೇಳಲು ಬಂದಿದ್ದೀರಾ?” ಆಂಧ್ರದವನು, “ನೀವು ಕೇಳಿದರೆ ಹೇಳ್ತೀವಿ, ಇಲ್ಲದಿದ್ರೆ ಇಲ್ಲಮ್ಮ” ಎಂದ. “ನಮ್ಮ ಮನೆದೇವರು ಮಾದಪ್ಪ. ಬೆಟ್ಟ ಬಿಟ್ಟು ನಾನು ಎಲ್ಲಿಗೂ ಬರೋಳಲ್ಲ” ಅಂದೆ. ಇಬ್ಬರೂ ನಕ್ಕರು. ಆಮೇಲೆ ಉಪವಾಸದ ಮಾತು ಬಂತು. ತಿಂಗಳ ಮೊದಲ ಭಾನುವಾರ ಅವರು ಎರಡು ಹೊತ್ತಿನ ಊಟ ಬಿಟ್ಟು ಅದರ ಹಣವನ್ನು ಬಡವರಿಗೆ ಕೊಡುತ್ತಾರಂತೆ. ನಮ್ಮ ಒಪ್ಪತ್ತಿನಲ್ಲಿ ಅನ್ನ ಬಿಟ್ಟು ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು ಅಂತ ಎರಡರಷ್ಟು ತಿನ್ನುವುದು ನೆನಪಾಗಿ ಆ ಮಾತು ಮುಂದುವರಿಸಲಿಲ್ಲ!

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಅಲ್ಲಿ ಇನ್ನೂ ಭಾನುವಾರ ರಾತ್ರಿ ಎಂಟೂವರೆ. ನಾನು ತಾರಸಿಯಲ್ಲಿ ಮಗುವಿನ ಬಟ್ಟೆ ಹರವುತ್ತಿದ್ದೆ. ಹುಡುಗ ಫೋನು ಹಿಡಿದು ಮೂಲೆಯಲ್ಲಿ ಕೂತ. ಆ ಕಡೆಯಿಂದ ಒಂದು ಹೆಂಗಸಿನ ಅಳು, ನಗು, ಮತ್ತೆ ಅಳು. ಅದಕ್ಕೆ ಇಂಗ್ಲಿಷ್ ಬರಬೇಕೇನು? ನಾನು ಮೆಲ್ಲನೆ ಇಳಿಯಲು ಹೊರಟರೆ ಹುಡುಗ ಕರೆದು ಫೋನನ್ನು ನನ್ನ ಕಡೆ ತಿರುಗಿಸಿದ. ನನ್ನ ವಯಸ್ಸಿನವಳೇ, ಕೆಂಪು ಸ್ವೆಟರು, ಕಣ್ಣು ಒರೆಸಿ ಒರೆಸಿ ಊದಿತ್ತು. ಏನೋ ಹೇಳಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಆಂಧ್ರದ ಹುಡುಗ ಹೇಳಿದ: “ಕಾಲರ್ ತೊಳೆಯೋದು ಕಲಿಸಿದ ಅಮ್ಮ ನೀವೇನಾ ಅಂತಾರೆ. ಅಲ್ಲಿ ನನ್ನ ಮಗನಿಗೆ ಒಬ್ಬರು ಅಮ್ಮ ಇದಾರೆ ಅಂತ ನಿಶ್ಚಿಂತೆ ಆಯ್ತು ಅಂತಾರೆ.”

ಸೋದರಿಯರೇ, ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಆಕೆಯ ಮಗನನ್ನು ಮನೆ ಬಿಡಿಸಿ ಎಂದು ರುಜು ಹಾಕಿದ ಕೈ ಅದು. ನಾನು ಕೈಮುಗಿದೆ. ಅದನ್ನು ಆಕೆ ನಮಸ್ಕಾರ ಅಂದುಕೊಂಡಳು.

ನೆಟ್ಟಗೆ ಎದುರು ಮನೆಗೆ ಹೋಗಿ, “ಆ ಹಾಳೆ ಕೊಡಿ, ನನ್ನ ರುಜು ಹೊಡೆದುಹಾಕಬೇಕು” ಎಂದೆ. ಆಕೆಗೆ ಸಿಟ್ಟು ಬಂತು. “ನಿಮಗೇನು, ಎರಡು ತಿಂಗಳಿದ್ದು ಊರಿಗೆ ಹೋಗೋರು. ಇಲ್ಲಿ ಇರೋರು ನಾವು” ಎಂದರು. ಆಕೆಯ ಹೆದರಿಕೆ ಪೂರಾ ಸುಳ್ಳು ಎಂದು ನಾನು ಹೇಳುವುದಿಲ್ಲ. ನನ್ನ ದೇವರನ್ನು ಬಿಡು ಎಂದು ಯಾರೇ ಬಂದರೂ ನನಗೂ ಸೇರದು. ಆದರೆ ಆ ಹಾಳೆಯಲ್ಲಿ ಬರೆದಿದ್ದು ಹೆದರಿಕೆಯಲ್ಲ, ನಡೆಯದ ಸಂಗತಿ. ಅದನ್ನೇ ಹೇಳಿ, ಸಿಲಿಂಡರಿನ ಕತೆಯನ್ನೂ ಹೇಳಿದೆ. ಕೊನೆಗೆ ಹಾಳೆ ಕೊಟ್ಟರು. ನನ್ನ ರುಜುವಿನ ಮೇಲೆ ಎರಡು ಗೆರೆ ಎಳೆದೆ. ಉಳಿದವರ ರುಜು ಹಾಗೇ ಇದ್ದವು.

ರಾತ್ರಿ ಮಗಳು, ಅಳಿಯಂದಿರಿಗೆ ಹೇಳಿದೆ. ಮಗಳು, “ನನ್ನ ಒಂದು ಮಾತು ಕೇಳಬಾರದಿತ್ತಾ ಅಮ್ಮ?” ಅಂದಳು. ಅಷ್ಟೇ. ಬೈದಿದ್ದರೆ ವಾಸಿಯಾಗಿತ್ತು.

ಮಾರ್ಚಿನಲ್ಲಿ ಅಮೆರಿಕದವನನ್ನು ಬೇರೆ ಊರಿಗೆ ಹಾಕಿದರು. ಆರು ವಾರಕ್ಕೊಮ್ಮೆ ಹೀಗೆ ಜೋಡಿ, ಜಾಗ ಬದಲಾಯಿಸುವುದು ಅವರಲ್ಲಿ ವಾಡಿಕೆಯಂತೆ. ಇನ್ನೊಬ್ಬನೂ ಮನೆ ಖಾಲಿ ಮಾಡಿದ. ವಾಡಿಕೆಯಂತೆ ಹೋದರೋ, ಅರ್ಜಿಯಿಂದ ಹೋದರೋ ನಾನು ಕೇಳಲಿಲ್ಲ. ಕೇಳಲು ಧೈರ್ಯವಾಗಲಿಲ್ಲ ಎಂದರೆ ಸರಿ. ಹೊರಡುವಾಗ ಒಂದು ಡಬ್ಬಿ ಹುರಿಹಿಟ್ಟು ಕೊಟ್ಟೆ. ಉದ್ದನೆಯವನು ತನ್ನ ಅಂಗಿಯ ಕಾಲರನ್ನು ಎತ್ತಿ ತೋರಿಸಿದ. ಮಲ್ಲಿಗೆ ಹೂವಿನ ಹಾಗೆ ಬೆಳ್ಳಗಿತ್ತು.

ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ಹಾಸ್ಟೆಲಿನಿಂದ ಬಂದ ನನ್ನ ಮಗನ ಬಟ್ಟೆ ಮೂಟೆಯನ್ನು ಒಗೆಯುವ ಕಲ್ಲಿನ ಹತ್ತಿರ ಇಟ್ಟು ಅವನನ್ನು ಕರೆದಿದ್ದು. “ಸೋಪು ಹಚ್ಚಿ ಹತ್ತು ನಿಮಿಷ ಬಿಡಬೇಕು ಕಣೋ” ಎಂದೆ. ಮುಖ ಊದಿಸಿಕೊಂಡೇ ಕೂತ. ನಾಳೆ ಅವನೂ ಯಾವ ಊರಿಗೆ ಹೋಗುತ್ತಾನೋ, ಯಾರ ಮನೆಯ ಮೇಲೆ ಬಾಡಿಗೆಗೆ ಇರುತ್ತಾನೋ. ಅಲ್ಲಿ ಕೆಳಗಿನ ಮನೆಯಾಕೆಯ ಕೈಗೂ ಒಂದು ದಿನ ಇಂಥದೇ ಹಾಳೆ ಬರಬಹುದು.