ವಾದ್ಯದ ಮೇಲಿನ ಹೆಸರು

ಹಳೆಯ ಒಡವೆಯನ್ನು ಕೊಳ್ಳುವಾಗ ಒರೆಗಲ್ಲಿಗೆ ತಿಕ್ಕಿ ನೋಡುತ್ತೇವೆ. ಹಳೆಯ ವಾದ್ಯಕ್ಕೆ ಅಂಥ ಒರೆಗಲ್ಲಿಲ್ಲ. ಬಹುಮಟ್ಟಿಗೆ ಅದರ ತಲೆಯ ಮೇಲೆ ಬರೆದಿರುವ ಹೆಸರನ್ನೇ ನಂಬಬೇಕಾಗುತ್ತದೆ. ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಬಂದ ಒಂದು ಬೇಸ್ ಗಿಟಾರಿನ ನಿಮಿತ್ತ ಈ ಹೆಸರಿನ ವಿಚಾರವನ್ನು ಓದುಗ ಬಂಧುಗಳ ಮುಂದಿಡಬೇಕೆನಿಸಿದೆ.

ನನ್ನ ಮಗಳು ಚಿಕ್ಕಂದಿನಿಂದ ವೀಣೆ ಕಲಿತವಳು. ಕಾಲೇಜು ಸೇರಿದ ಮೇಲೆ ಅವಳ ಮನಸ್ಸು ನಾಲ್ಕು ತಂತಿಗಳ, ಮಂದ್ರಸ್ಥಾಯಿಯ ಈ ವಾದ್ಯದತ್ತ ಹರಿಯಿತು. ಅದರಲ್ಲಿಯೂ ಅವಳು ಬಯಸಿದ್ದು ಅರೆಟೊಳ್ಳು ಬಗೆಯದು. ಪೂರ್ತಿ ಟೊಳ್ಳಾದ ಗಿಟಾರಿಗೆ ವಿದ್ಯುತ್ ಜೋಡಿಸಿ ಗಟ್ಟಿಯಾಗಿ ನುಡಿಸಿದರೆ, ಧ್ವನಿವರ್ಧಕದ ಸದ್ದು ಮತ್ತೆ ಅದರ ಒಡಲಿಗೇ ನುಗ್ಗಿ ಊಳಿಡುತ್ತದೆ. ನಡುವೆ ಒಂದು ಗಟ್ಟಿ ಮರದ ದಿಮ್ಮಿಯನ್ನಿಟ್ಟು ಎರಡು ಪಕ್ಕಗಳನ್ನಷ್ಟೇ ಟೊಳ್ಳು ಬಿಟ್ಟರೆ ಆ ಬಾಧೆ ತಗ್ಗುತ್ತದೆ, ಮರದ ಮಾರ್ದವವೂ ಉಳಿಯುತ್ತದೆ. ಅಮೆರಿಕದ ಗಿಬ್ಸನ್ ಕಂಪನಿಯವರು 1958ರಲ್ಲಿ ಈ ಬಗೆಯ ಗಿಟಾರನ್ನೂ ಬೇಸ್ ಗಿಟಾರನ್ನೂ ಹೊರತಂದರು. ಅಂದಿನಿಂದ ಅದನ್ನು ಅನುಕರಿಸಿದವರು ಅನೇಕರು.

ಬಸವೇಶ್ವರನಗರದ ಒಬ್ಬ ಯುವಕ ಊರು ಬಿಡುವವನಿದ್ದ. ಅವನ ವಾದ್ಯದ ಮೇಲೆ ಒಂದು ಹೆಸರಾಂತ ಕಂಪನಿಯ ಹೆಸರಿತ್ತು; ಬೆಲೆ 55,000 ರೂಪಾಯಿ ಎಂದ. ಕೊಂಡಾಗಿನ ರಸೀದಿಯನ್ನೂ ತೋರಿಸಿದ. ಕಳವಿನ ಮಾಲನ್ನು ಕೊಳ್ಳುವುದು, ಅಂದರೆ ತದಾಹೃತಾದಾನ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದಾದ್ದರಿಂದ ಹಳೆಯ ವಸ್ತು ಕೊಳ್ಳುವಾಗ ರಸೀದಿ ಕೇಳುವುದು ನಮ್ಮ ಮನೆಯ ರೂಢಿ. ಮಗಳು ಮಾತ್ರ ವಾದ್ಯದ ತಲೆಯ ಮೇಲಿನ ಪುಟ್ಟ ಮುಚ್ಚಳವನ್ನೇ ನೋಡುತ್ತಿದ್ದಳು. ಆ ಕಂಪನಿಯ ನಿಜವಾದ ವಾದ್ಯದಲ್ಲಿ ಅದಕ್ಕೆ ಎರಡು ಸ್ಕ್ರೂ, ಇದರಲ್ಲಿ ಮೂರಿದ್ದವು. ಅವಳು ಮೆಲ್ಲಗೆ ಅದನ್ನು ಹೇಳಿದಳು. ಯುವಕ ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆದು ಹೋಲಿಸಿ ನೋಡಿ, ಬಹಳ ಹೊತ್ತು ಮಾತನಾಡಲಿಲ್ಲ. ಅವನೂ ನಂಬಿ ಕೊಂಡವನೇ. ಕೊನೆಗೆ 14,000ಕ್ಕೆ ಕೊಟ್ಟ.

ಮರ ಚೆನ್ನಾಗಿತ್ತು, ಒಳಗಿನ ವಿದ್ಯುತ್ ಕೆಲಸ ಕಳಪೆ. ತಂತಿ ಮುಟ್ಟಿದರೂ ಬಿಟ್ಟರೂ ಗುಂಯ್‌ಗುಡುತ್ತಿತ್ತು, ಕುದುರೆಗೆ ಜೋಡಿಸಿದ ಅರ್ಥಿಂಗ್ ತಂತಿಯೇ ಬಿಟ್ಟುಹೋಗಿತ್ತು. ಎಸ್.ಪಿ. ರಸ್ತೆಯಿಂದ 500 ಕಿಲೋ ಓಮಿನ ಕಂಟ್ರೋಲುಗಳು, ಕೆಪಾಸಿಟರ್, ಹೊದಿಕೆಯ ತಂತಿ ಬಂದವು. ಈ ವಾದ್ಯಕ್ಕೆ ಹಿಂಬದಿಯಲ್ಲಿ ಬಾಗಿಲಿಲ್ಲ. ಪಿಟೀಲಿನಲ್ಲಿರುವಂಥ ಓರೆಗಂಡಿಯ ಮೂಲಕವೇ ಎಲ್ಲವೂ ಹೊರಬಂದು ಒಳಹೋಗಬೇಕು. ಮಗಳು ಪ್ರತಿ ಕಂಟ್ರೋಲಿನ ಕಡ್ಡಿಗೂ ದಾರ ಕಟ್ಟಿ ಹೊರಗೆಳೆದು, ಹಲಗೆಯ ಮೇಲೆ ಬೆಸುಗೆ ಹಾಕಿ, ಅದೇ ದಾರ ಹಿಡಿದು ಮೀನುಗಾರನಂತೆ ಅದರದರ ರಂಧ್ರಕ್ಕೆ ಎಳೆದು ಕೂರಿಸಿದಳು. (ಹೋಲಿಕೆ ನಮ್ಮವರಿಗೆ ಹಿಡಿಸದು, ಆದರೆ ನೋಡಲು ಹಾಗೆಯೇ ಇತ್ತು.) ಎರಡು ಭಾನುವಾರಗಳು ಕಳೆದವು.

ಬಿರಡೆಗಳ ಬಳಿ ತಂತಿಗಳು ಒರಗುವ ಪಟ್ಟಿ ಸವೆದಿತ್ತು. ರಿಪೇರಿಯವರು ಮೂಳೆಯದನ್ನು ಹಾಕಿಸಿರೆಂದರು. ನಾದಕ್ಕೆ ಅದೇ ಮೇಲೆಂದು ವಾದ್ಯಗಾರರಲ್ಲಿ ರೂಢವಾದ ಮಾತು. ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಯಲ್ಲಿ ಹಿತ್ತಾಳೆಯದನ್ನು ಮಾಡಿಸಿದೆವು. ನಾದ ತುಸು ಗಡುಸಾಯಿತು, ಅಷ್ಟೆ.

ಕೆಲಸ ಮುಗಿದ ತಿಂಗಳಲ್ಲೇ ಒಂದು ಆರ್ಕೆಸ್ಟ್ರಾದವರು ಬಂದು 35,000ಕ್ಕೆ ಕೇಳಿದರು. ಹೆಸರು ಸುಳ್ಳೆಂದು ಮೊದಲೇ ತಿಳಿಸಿದೆ. “ಗೊತ್ತು ಸರ್. ಸ್ಟೇಜ್ ಮೇಲೆ ಯಾರು ಸ್ಕ್ರೂ ಎಣಿಸ್ತಾರೆ?” ಎಂದು ನಕ್ಕರು.

ನನ್ನ ಮನೆಯವರು ಶಾಸ್ತ್ರ ಓದಿದವರು. “ನೋಡಿ, ಪ್ರತಿರೂಪಕ ವ್ಯವಹಾರ ಅತಿಚಾರ ನಿಜ. ಆದರೆ ಪೂಜ್ಯಪಾದಾಚಾರ್ಯರು ಅದನ್ನು ಕೃತಕವಾದ ಚಿನ್ನ ಮೊದಲಾದವುಗಳಿಂದ ವಂಚನೆ ಮಾಡುವ ವ್ಯವಹಾರ ಅಂತ ವಿವರಿಸಿದ್ದಾರೆ. ನಾವು ಎಲ್ಲವನ್ನೂ ಹೇಳಿದ್ದೀವಲ್ಲ, ವಂಚನೆ ಎಲ್ಲಿ?” ಎಂದರು. ಮಗಳ ಕಾಲೇಜು ಶುಲ್ಕ ಕಟ್ಟುವ ತಿಂಗಳು. ಆ ಮಾತಿಗೆ ತೂಕವಿತ್ತು. ಸರ್ವಾರ್ಥಸಿದ್ಧಿಯ ಮಾತಿನಲ್ಲಿ ನನಗೂ ಸಂದೇಹವಿಲ್ಲ. ಆದರೆ ಬಾಯಿಂದ ಹೇಳಿದ ಸತ್ಯ ಒಂದು ಮಾರಾಟಕ್ಕಷ್ಟೇ ಸಾಕಾಗುತ್ತದೆ. ಮರಕ್ಕೆ ಅಂಟಿದ ಸುಳ್ಳು ಮರದೊಡನೆಯೇ ಮುಂದಿನ ಮನೆಗೂ ಅದರಾಚೆಯ ಮನೆಗೂ ಹೋಗುತ್ತದೆ. 1737ರಲ್ಲಿ ತೀರಿಕೊಂಡ ಇಟಲಿಯ ಸ್ಟ್ರಾಡಿವೇರಿಯ ಹೆಸರಿನ ಚೀಟಿ ಹೊತ್ತ ಪಿಟೀಲುಗಳು 19ನೆಯ ಶತಮಾನದ ಯೂರೋಪಿನಲ್ಲಿ ರಾಶಿ ರಾಶಿಯಾಗಿ ತಯಾರಾದವು. ಎಷ್ಟೋ ಕಡೆ ಆ ಚೀಟಿ ಮಾದರಿ ಯಾರದೆಂಬುದನ್ನು ತಿಳಿಸುತ್ತಿತ್ತು, ಅಷ್ಟೆ. ಕೊಂಡವರಿಗೆ ಅಗ್ಗದ ಬೆಲೆಯೇ ಉಳಿದದ್ದನ್ನು ಹೇಳುತ್ತಿತ್ತು. ಅವರ ಮರಿಮಕ್ಕಳು ಇಂದಿಗೂ ಅಟ್ಟದಲ್ಲಿ ಕೋಟಿ ಬಾಳುವ ಪಿಟೀಲು ಸಿಕ್ಕಿತೆಂದು ಪರೀಕ್ಷಕರಲ್ಲಿಗೆ ಓಡುತ್ತಾರೆ. ನಮಗೆ ಮಾರಿದ ಯುವಕನೂ ಅಂಥದೇ ಸರಪಳಿಯ ಒಂದು ಕೊಂಡಿಯಾಗಿದ್ದನಲ್ಲವೆ?

ಮನೆಯವರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಮಗಳು ನುಣ್ಣನೆಯ ಉಪ್ಪುಕಾಗದದಿಂದ ಹೆಸರನ್ನು ಉಜ್ಜಿ ತೆಗೆದು ಆ ಜಾಗಕ್ಕೆ ಮೆರುಗೆಣ್ಣೆ ಹಚ್ಚಿದಳು. ಆರ್ಕೆಸ್ಟ್ರಾದವರು ಮತ್ತೆ ಬಂದು ನೋಡಿ, 15,000ಕ್ಕಿಂತ ಹೆಚ್ಚು ಕೊಡಲಾಗದೆಂದು ಹೊರಟರು. ವಾದ್ಯ ಈಗ ನಮ್ಮಲ್ಲೇ ಇದೆ, ಶುಲ್ಕವನ್ನು ಎರಡು ಕಂತಿನಲ್ಲಿ ಕಟ್ಟಿದ್ದಾಯಿತು. ಓರೆಗಂಡಿಯ ಒಳಗೆ ಮಗಳು ಒಂದು ಚೀಟಿ ಅಂಟಿಸಿದ್ದಾಳೆ: ತಯಾರಕರು ತಿಳಿಯದು, ಕಂಟ್ರೋಲು, ತಂತಿ, ಹಿತ್ತಾಳೆಯ ಪಟ್ಟಿ ಬದಲಿಸಿದೆ, ಕೆಳಗೆ ತಾರೀಖು. ಕೈ ಹೋಗದ ಜಾಗವಾದ್ದರಿಂದ ಚೀಟಿ ತುಸು ಸೊಟ್ಟಗೆ ಕೂತಿದೆ. ಟಾರ್ಚು ಬಿಟ್ಟರೆ ಓದಬಹುದು.